ಅಜ್ಜನವರು ‘ಸಾಕು’ ಎಂದದ್ದು

ಮಾಘ ಮಾಸದ ಒಂದು ಸೋಮವಾರ ಬೆಣಚಿಮಟ್ಟಿ ಮಠದ ಮುದ್ರಣಾಲಯಕ್ಕೆ ಹನ್ನೊಂದು ಗಂಟೆಯ ಚಹಾ ಬರಲಿಲ್ಲ. ಸುದ್ದಿ ಮಧ್ಯಾಹ್ನದೊಳಗೆ ಊರನ್ನೆಲ್ಲ ಮುಟ್ಟಿತು. ಹೊಳೆ ಊರೊಳಗೆ ನುಗ್ಗಿದ ವರ್ಷ ಕೂಡ ಆ ಚಹಾ ತಪ್ಪಿರಲಿಲ್ಲ. ಬಜಾರಿನಲ್ಲಿ ಜನ ದನಿ ತಗ್ಗಿಸಿ ಮಾತಾಡಿದರು. ಯಾರಿಗೋ ಏನೋ ಆಗಿರಬೇಕೆಂದು ಇಬ್ಬರು ಹಿರಿಯರು ತಲೆಗೆ ರುಮಾಲು ಸುತ್ತಿಕೊಂಡು ವಿಚಾರಿಸಲು ಬಂದರು. ಒಳಗೆ ಎಲ್ಲರೂ ಜೀವಂತವಾಗಿದ್ದರು. ಮಾತಾಡುವ ಸ್ಥಿತಿಯಲ್ಲಿ ಮಾತ್ರ ಯಾರೂ ಇರಲಿಲ್ಲ.

ಇದಕ್ಕೆ ಕಾರಣವಾದ ಮಾತನ್ನು ಆಡಿದವರು ಪೂಜ್ಯ ಶ್ರೀ ನೀಲಲೋಹಿತ ಅಜ್ಜನವರು. ಅಜ್ಜನವರು ಪೀಠದ ಮೇಲೆ ಕುಳಿತವರಲ್ಲ. ಮಠದ ಹಿತ್ತಲಿನ ಬಾವಿಯ ಪಕ್ಕದಲ್ಲಿ ತಗಡು ಹೊದಿಸಿದ ಒಂದು ಖೋಲಿಯಲ್ಲಿ ಇರುತ್ತಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಒಂದು ಕಪ್ಪು-ಬಸಿ ಅವರ ಆಸ್ತಿ. ಗದ್ದುಗೆಯ ದೀಪಕ್ಕೆ ಬತ್ತಿ ಹೊಸೆಯುವುದು ಅವರ ಕಾಯಕ. ಮಾತು ಬಹಳ ಕಡಿಮೆ. ಬಂದವರ ದುಃಖವನ್ನು ಬತ್ತಿ ಹೊಸೆಯುತ್ತಲೇ ಕೇಳುತ್ತಿದ್ದರು. ಕೇಳಿ ಮುಗಿಯುವ ಹೊತ್ತಿಗೆ ಹೇಳಿದವರಿಗೆ ಅರ್ಧ ಹಗುರಾಗಿರುತ್ತಿತ್ತು.

ಮಾತು ಕಡಿಮೆಯಾದ್ದರಿಂದ ಭಕ್ತರು ಸಿಕ್ಕದ್ದನ್ನು ಬಿಡುತ್ತಿರಲಿಲ್ಲ. ಒಮ್ಮೆ ಕಿರಾಣಿ ಅಂಗಡಿಯ ಮಲ್ಲೇಶಪ್ಪ ದರ್ಶನಕ್ಕೆ ಬಂದಾಗ ಅಜ್ಜನವರು, “ಬಾಗಲಾ ಮುಂದ ಮಾಡು” ಎಂದರು. ಮಲ್ಲೇಶಪ್ಪ ನೆಟ್ಟಗೆ ಹೋಗಿ ಅಂಗಡಿಯ ಬಾಗಿಲು ಮುಚ್ಚಿ ಕಾಶಿಗೆ ಹೊರಟುಹೋದ. ಅಂದು ಗಾಳಿಗೆ ಬತ್ತಿಯ ಅರಳೆ ಹಾರುತ್ತಿತ್ತು, ಮುಚ್ಚಬೇಕಾಗಿದ್ದದ್ದು ಖೋಲಿಯ ಬಾಗಿಲು ಎಂಬುದು ಆತನಿಗೆ ತಿಳಿದದ್ದು ಗಂಗೆಯಲ್ಲಿ ಮುಳುಗಿ ಬಂದ ಮೇಲೆ. ಆದರೆ ಹಳೆಯ ಕೆಮ್ಮು ಯಾತ್ರೆಯಲ್ಲೇ ಬಿಟ್ಟುಹೋಗಿತ್ತು. ಅಲ್ಲಿಂದ ಅಜ್ಜನವರ ಮಾತಿನ ಮೇಲೆ ಊರಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಹಾಗೆ ನಂಬಿದವರಲ್ಲಿ ಮೊದಲಿಗ ಮುದ್ರಣಾಲಯದ ಮ್ಯಾನೇಜರ ಅಂದಾನೆಪ್ಪ ಹೆಬಸೂರ. ಮಠದ ಪಂಚಾಂಗ ಅಚ್ಚಾಗುವುದು ಆತನ ಮೇಲ್ವಿಚಾರಣೆಯಲ್ಲಿ. ಸುತ್ತಲಿನ ಹಳ್ಳಿಗಳು ಆ ಪಂಚಾಂಗ ನೋಡಿ ಬಿತ್ತುತ್ತಿದ್ದವು, ಮದುವೆ ಮಾಡುತ್ತಿದ್ದವು, ಉಪವಾಸ ಬೀಳುತ್ತಿದ್ದವು. ಅದು ಯುಗಾದಿಗೆ ಮೊದಲು ಹೊರಬರಬೇಕು. ಬಾರದಿದ್ದರೆ ಹೊಸ ವರ್ಷ ಬಂದರೂ ಬಂದಂತಲ್ಲ. ಆ ವರ್ಷ ಕಾಗದ ತಡವಾಗಿ ಬಂದು ಕೆಲಸ ಹಿಂದೆ ಬಿದ್ದಿತ್ತು. ಅಂದಾನೆಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಭಾನುವಾರ ಸಂಜೆ ಕಿಟ್ಲಿಯಲ್ಲಿ ಚಹಾ ತುಂಬಿಸಿಕೊಂಡು ಅಜ್ಜನವರ ಖೋಲಿಗೆ ಹೋದ. ಅವರ ಕಪ್ಪಿಗೆ ತಾನೇ ಹಾಕುತ್ತ ತನ್ನ ಚಿಂತೆಯನ್ನು ತೋಡಿಕೊಂಡ.

“ಅಜ್ಜಾರ, ಯುಗಾದಿ ಸಮೀಪ ಬಂತ್ರಿ. ಪಂಚಾಂಗ ಇನ್ನಾ ಅರ್ಧಾನೂ ಆಗಿಲ್ಲ. ನಮ್ಮ ಮಂದಿ ನೋಡಿದ್ರ ಒಂದ ಸವನ ಚಹಾ ಚಹಾ ಅಂತಾರ. ನಾ ಏನ್ ಮಾಡ್ಲಿ ಹೇಳ್ರಿ.”

ಅಜ್ಜನವರು, “ಸಾಕು” ಎಂದರು.

ಅಂದಾನೆಪ್ಪನ ಕಣ್ಣು ತುಂಬಿಬಂದವು. ಕಣ್ಣು ತುಂಬಿದವನಿಗೆ ಬೇರೆ ಏನು ತುಂಬಿದೆ ಎಂದು ಕಾಣುವುದಿಲ್ಲ. ಕಿಟ್ಲಿ ಕೆಳಗಿಟ್ಟು, ಅಡ್ಡಬಿದ್ದು, ಆ ಒಂದು ಶಬ್ದವನ್ನು ಎದೆಗೆ ಅವಚಿಕೊಂಡು ಮನೆಗೆ ಬಂದ.

ಮರುದಿನ ಮುಂಜಾನೆ ಆತ ಮಾಡಿದ ಮೊದಲ ಕೆಲಸವೆಂದರೆ, ನಾಟಕ ಕಂಪನಿಗಳ ಜಾಹೀರಾತಿಗೆಂದು ಇಟ್ಟಿದ್ದ ಕಟ್ಟಿಗೆಯ ದೊಡ್ಡ ಅಕ್ಷರಗಳನ್ನು ಹೊರಗೆ ತೆಗೆಸಿ ‘ಸಾಕು’ ಎಂದು ಅಚ್ಚು ಹಾಕಿಸಿದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಶ್ರೀ ಅಜ್ಜನವರ ಅಪ್ಪಣೆ’ ಎಂದಿತ್ತು. ಚೌಕಟ್ಟು ಹಾಕಿಸಿ ಚಹಾದ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ. ಚಹಾ ಮಾಡುವ ಫಕ್ಕೀರವ್ವ ಒಲೆ ಆರಿಸಿದಳು.

ಅಚ್ಚಿನ ಮೊಳೆ ಜೋಡಿಸುವ ದಾವಲಸಾಬ ಅದನ್ನು ಓದಿ ತಲೆ ಕೆರೆದುಕೊಂಡ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು ತಿಥಿ, ವಾರ, ನಕ್ಷತ್ರಗಳನ್ನು ಸಾಲು ಹಚ್ಚುವವನು ಆತನೇ.

“ಮ್ಯಾನೇಜರ ಸಾಹೇಬ್ರ, ಅಜ್ಜಾರು ಕೆಲಸಕ್ಕ ಸಾಕು ಅಂದಿರಬೇಕ್ರಿ. ಇನ್ನೊಮ್ಮೆ ಕೇಳಿ ಬರ್ರಿ.”

“ಗುರುವಾಕ್ಯಕ್ಕ ಎರಡನೇ ಪ್ರೂಫ್ ಇರಂಗಿಲ್ಲೋ,” ಎಂದ ಅಂದಾನೆಪ್ಪ. ಹೇಳುವಾಗ ಆತನಿಗೇ ತಲೆ ಸಿಡಿಯತೊಡಗಿತ್ತು. ಅಂದು ಮುಂಜಾನೆ ಮನೆಯಲ್ಲಿಯೂ ಚಹಾ ಬಿಟ್ಟು ಬಂದಿದ್ದ.

ಚಹಾಕ್ಕೆ ಹೋಗುತ್ತಿದ್ದ ಹೊತ್ತು ಕೆಲಸಕ್ಕೆ ಕೂಡಿ ಪಂಚಾಂಗ ಓಡಬೇಕೆಂಬುದು ಅಂದಾನೆಪ್ಪನ ನಿರೀಕ್ಷೆ. ಮುದ್ರಣಾಲಯ ಆ ನಿರೀಕ್ಷೆಗೆ ಸಹಕರಿಸಲಿಲ್ಲ. ಹನ್ನೊಂದಾಗುತ್ತಲೂ ಆಕಳಿಕೆ ಒಬ್ಬನಿಂದ ಇನ್ನೊಬ್ಬನಿಗೆ ಹತ್ತಿ, ಯಂತ್ರ ತುಳಿಯುವವರ ತನಕ ಹೋಗಿ, ಮತ್ತೆ ಮೊದಲಿನವನಿಗೆ ಬರುತ್ತಿತ್ತು. ಮಧ್ಯಾಹ್ನ ಯಾರು ಎದ್ದಿದ್ದಾರೆ, ಯಾರು ಮಲಗಿದ್ದಾರೆ ಎಂಬುದನ್ನು ಕೈ ನೋಡಿ ಹೇಳುವಂತಿರಲಿಲ್ಲ. ಕೈ ತಮ್ಮಷ್ಟಕ್ಕೆ ಮೊಳೆ ಜೋಡಿಸುತ್ತಿದ್ದವು. ವಾರದ ಕೊನೆಗೆ ಬಂದ ಕರಡಚ್ಚಿನಲ್ಲಿ ‘ವಿವಾಹಕ್ಕೆ ಶುಭ’ ಎಂದಿರಬೇಕಾದಲ್ಲೆಲ್ಲ ‘ವಿವಾದಕ್ಕೆ ಶುಭ’ ಎಂದಿತ್ತು. ಚೈತ್ರದಲ್ಲಿ ಒಂದು ಮಂಗಳವಾರ ಮುಗಿದ ಮೇಲೆ ಮತ್ತೆ ಮಂಗಳವಾರ ಬಂದಿತ್ತು.

“ದಾವಲಸಾಬ, ಬುಧವಾರ ಎಲ್ಲೈತೋ?”

“ಅದೂ ಚಹಾ ಕುಡ್ಯಾಕ ಹೋಗಿರಬೇಕ್ರಿ.”

ನಗಲು ಯಾರಿಗೂ ಶಕ್ತಿ ಇರಲಿಲ್ಲ. ತಿದ್ದಿದ ಕರಡು ಮತ್ತೆ ಬಂದಾಗ ಬುಧವಾರ ಮರಳಿತ್ತು, ಗುರುವಾರ ಹೋಗಿತ್ತು. ಅಂದಾನೆಪ್ಪ ಕರಡನ್ನು ಹಿಡಿದುಕೊಂಡು ಕುಳಿತೇಬಿಟ್ಟ. ಹೀಗೆಯೇ ಅಚ್ಚಾದರೆ ಹಳ್ಳಿಗಳಲ್ಲಿ ಏನಾದೀತು? ಗುರುವಾರ ಒಪ್ಪೊತ್ತು ಮಾಡುವ ಹೆಂಗಸರ ಗತಿ ಏನು? ತಿದ್ದುತ್ತ ಕುಳಿತರೆ ಯುಗಾದಿ ಕಾಯುವುದಿಲ್ಲ. ಚಹಾ ಕೊಟ್ಟರೆ ಗುರುವಿನ ಮಾತು ಮೀರಿದಂತೆ. ಯಾವ ಬದಿಗೆ ಹೊರಳಿದರೂ ಮಠದ ಮಾನ ತನ್ನ ಕೈಯಲ್ಲೇ ಹೋಗುತ್ತದೆ ಎಂದು ಆತನಿಗೆ ಅನ್ನಿಸಿತು.

ಅದಕ್ಕಿಂತ ನೋಯಿಸಿದ್ದು ಯಂತ್ರದ ಹಿಂದಿನಿಂದ ಕೇಳಿಬಂದ ಒಂದು ಮಾತು: “ಸಕ್ಕರಿ ಉಳಸಾಕ ಅಜ್ಜಾರ ಹೆಸರು ಹೇಳ್ತಾನ.” ಯಾರ ದನಿ ಎಂದು ಆತ ತಿರುಗಿ ನೋಡಲಿಲ್ಲ.

ಫಕ್ಕೀರವ್ವ ಮಾತ್ರ ದಿನಾ ಹನ್ನೊಂದಕ್ಕೆ ಕಪ್ಪು-ಬಸಿಗಳನ್ನೆಲ್ಲ ತೊಳೆದು ಬೋರಲು ಹಾಕುತ್ತಿದ್ದಳು.

“ಕುಡೀಲಾರದ ಕಪ್ಪು ಯಾಕ ತೊಳೀತೀಯವ್ವಾ?” ಎಂದು ಅಂದಾನೆಪ್ಪ ಕೇಳಿದ.

“ನೀವು ಓದಿದ್ದ ಪುರಾಣದ ಪೋಥಿ ದಿನಾ ಮತ್ತ ಓದ್ತೀರಲ್ರಿ. ನಾ ಏನರ ಕೇಳ್ತೀನಿ?”

ಮರುವಾರ ಅಂದಾನೆಪ್ಪ, ಕಾಗದದ ಗಂಟು ಬಂದಿದೆಯೇ ನೋಡಿ ಬರುತ್ತೇನೆಂದು ಪಕ್ಕದ ಊರಿನ ರೈಲು ನಿಲ್ದಾಣಕ್ಕೆ ಹೋದ. ಗಂಟು ಯಾವಾಗಲೋ ಬಂದಾಗಿತ್ತು. ಅದನ್ನು ಬಿಡಿಸಿಕೊಂಡು ಬಂದವನೂ ಆತನೇ. ನಿಲ್ದಾಣದ ಕ್ಯಾಂಟೀನಿನ ಮೂಲೆಯ ಬಾಕಿನ ಮೇಲೆ ಕುಳಿತು, ಅತ್ತಿತ್ತ ನೋಡಿ, ಒಂದು ಚಹಾ ಹೇಳಿದ.

ಚಹಾ ಬಂತು. ಮೇಲೆ ತೆಳುವಾದ ಕೆನೆ, ಒಳಗೆ ಜಜ್ಜಿದ ಹಸಿಶುಂಠಿ. ಬಸಿಗೆ ಸುರಿದ. ಹಬೆ ಕನ್ನಡಕಕ್ಕೆ ಹತ್ತಿ ಲೋಕವೇ ಮಸುಕಾಯಿತು. ಬಸಿಯನ್ನು ತುಟಿಯ ತನಕ ತಂದ. ಅಲ್ಲಿಗೆ ಬಂದಾಗ ಕಟ್ಟಿಗೆಯ ದೊಡ್ಡ ಅಕ್ಷರದ ಆ ಶಬ್ದ ಕಣ್ಣ ಮುಂದೆ ನಿಂತಿತು. ಬಸಿಯನ್ನು ಕೆಳಗಿಟ್ಟ.

“ಕುಡೀರಿ ಸಾಹೇಬ್ರ, ಆರಿ ಹೊಕ್ಕೈತಿ.”

ಕಂಬದ ಆಚೆ ದಾವಲಸಾಬ ಕುಳಿತಿದ್ದ. ಚಿಕ್ಕಮ್ಮನಿಗೆ ಜ್ವರವೆಂದು ಅರ್ಧ ದಿನದ ರಜೆ ಪಡೆದವನು. ಚಿಕ್ಕಮ್ಮ ಅಲ್ಲಿರಲಿಲ್ಲ. ಆತನ ಕೈಯಲ್ಲಿಯೂ ಬಸಿ ಇತ್ತು.

“ಒಲ್ಲೆಪಾ,” ಎಂದ ಅಂದಾನೆಪ್ಪ.

“ಇಲ್ಲಿ ಅಜ್ಜಾರು ನೋಡಂಗಿಲ್ರಿ.”

“ಅವರು ನೋಡ್ತಾರಂತ ಅಲ್ಲೋ. ಮಾತು ಅವರದು ಅಂತ.”

ಚಹಾದ ದುಡ್ಡು ಇಟ್ಟು ಅಂದಾನೆಪ್ಪ ಬಿಸಿಲಿಗೆ ಇಳಿದು ನಡೆದ. ದಾವಲಸಾಬ ಆತ ಕಣ್ಮರೆಯಾಗುವ ತನಕ ನೋಡಿದ. ಸಕ್ಕರೆಯ ಮಾತು ಆಡಿದ್ದು ಆತನೇ. ಬಸಿಯಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದನಾದರೂ ರುಚಿ ಹತ್ತಲಿಲ್ಲವೆಂದು ಮುಂದೆ ಹೇಳಿಕೊಂಡಿದ್ದಾನೆ. ಅಲ್ಲಿಂದ ಆತ ಮನೆಗೆ ಹೋಗಲಿಲ್ಲ. ಬಾವಿಯ ಪಕ್ಕದ ಖೋಲಿಗೆ ಹೋದ. ಏನು ಬಿನ್ನವಿಸಿದನೋ ಗೊತ್ತಿಲ್ಲ. ಅಂದಾನೆಪ್ಪನಿಗೆ ಇದು ತಿಳಿದದ್ದು ಆಮೇಲೆ.

ಮರುದಿನ ಹನ್ನೊಂದರ ಸುಮಾರಿಗೆ ಪೂಜ್ಯ ಅಜ್ಜನವರು ಹೆಗಲ ಮೇಲೆ ಕಂಬಳಿ ಹೊತ್ತು ಮುದ್ರಣಾಲಯದ ಬಾಗಿಲಲ್ಲಿ ನಿಂತಿದ್ದರು. ಖೋಲಿ ಬಿಟ್ಟು ಬಾರದವರು ಬಂದರೆಂದು ಎಲ್ಲರೂ ಎದ್ದು ನಿಂತರು. ಯಂತ್ರದ ಸದ್ದು ನಿಂತಿತು. ಅಂದಾನೆಪ್ಪ ಓಡಿ ಬಂದು ಪಾದ ಮುಟ್ಟಿದ. ಅಜ್ಜನವರು ಆತನ ತಲೆಯ ಮೇಲೆ ಕೈಯಿಟ್ಟು ಒಳಗೆ ನಡೆದರು. ಆರಿದ ಒಲೆಯ ಮುಂದೆ ನಿಂತು, ತಲೆ ಎತ್ತಿ, ಗೋಡೆಯ ಮೇಲಿನದನ್ನು ನಿಧಾನವಾಗಿ ಓದಿದರು. ಸಣ್ಣ ಅಕ್ಷರಗಳನ್ನೂ ಬಿಡಲಿಲ್ಲ.

“ಇದನ್ನ ಯಾರು ಅಂದಾರ?”

“ತಾವ ಅಪ್ಪಣೆ ಕೊಡಿಸೀರ್ರಿ, ಅಜ್ಜಾರ.”

“ಯಾವಾಗ?”

“ನಾ ತಮಗ ಚಹಾ ಹಾಕೂ ಮುಂದ್ರಿ.”

ಅಜ್ಜನವರು ಆತನ ಮುಖವನ್ನು ಕರುಣೆಯಿಂದ ನೋಡಿದರು.

“ಬಸಿ ತುಂಬಿ ಚೆಲ್ಲತಿತ್ತಲ್ಲೋ, ತಮ್ಮಾ,” ಎಂದರು.

ಮುದ್ರಣಾಲಯದಲ್ಲಿ ಒಂದು ಮೊಳೆ ಬಿದ್ದರೂ ಕೇಳುವಷ್ಟು ಮೌನ ಕವಿಯಿತು. ಒಂದು ಮೊಳೆ ಬಿತ್ತು ಕೂಡ, ದಾವಲಸಾಬನ ಕೈಯಿಂದ. ಫಕ್ಕೀರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂದಾನೆಪ್ಪನಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದು ಎರಡನೆಯದಾಗಿ ಬಂತು. ಮೊದಲು ಬಂದದ್ದು ಒಂದು ದೊಡ್ಡ ಉಸಿರು. ಅಷ್ಟು ದಿನ ಎದೆಯ ಮೇಲೆ ಕುಳಿತಿದ್ದ ಏನೋ ಎದ್ದು ಹೊರಗೆ ಹೋದಂತೆ ಆತನ ಹೆಗಲು ಕೆಳಗಿಳಿದವು. ಗುರುವಿನ ಮಾತು ಉಳಿಯಿತು, ಚಹಾವೂ ಉಳಿಯಿತು. ಹೋಗುವುದಿದ್ದರೆ ತನ್ನ ಮಾನವೊಂದೇ. ಅದನ್ನು ಬಿಡಲು ಅಂದಾನೆಪ್ಪ ಅಂದು ಸಂತೋಷದಿಂದ ಸಿದ್ಧನಿದ್ದ.

ಸ್ಟೂಲು ಎಳೆದು ಹತ್ತಿ ಚೌಕಟ್ಟನ್ನು ಇಳಿಸಲು ಕೈಹಾಕಿದ.

“ಇರಲಿ ಬಿಡು,” ಎಂದರು ಅಜ್ಜನವರು. “ಅಕ್ಷರ ತಪ್ಪಿಲ್ಲ. ಓದಿದ್ದು ತಪ್ಪೈತಿ. ಮನ್ಯಾಗ ಆಕಳಾ ಕಟ್ಟೀಯಲ್ಲ, ಅದನ್ನ ಏನ್ ಮಾಡ್ತಿ?”

ಸ್ಟೂಲಿನ ಮೇಲಿಂದಲೇ ಅಂದಾನೆಪ್ಪ ಕೈಮುಗಿದ. “ಹಿಂಡಿ, ಹೊಟ್ಟು ಹಾಕಿ ಸಾಕ್ತೀನ್ರಿ, ಅಜ್ಜಾ…”

ತನ್ನ ಬಾಯಿಂದ ಬಂದ ಶಬ್ದ ತನ್ನ ಕಿವಿಗೆ ಬಿದ್ದಿತ್ತು. ತಿರುಗಿ ಗೋಡೆಯನ್ನು ನೋಡಿದ.

ಅಜ್ಜನವರು ಮೊಳೆಯ ಪೆಟ್ಟಿಗೆಗಳ ಮುಂದೆ ಕೆಂಪು ಕಣ್ಣು ಬಿಟ್ಟುಕೊಂಡು ನಿಂತಿದ್ದ ಮಂದಿಯ ಕಡೆ ಕೈ ತೋರಿಸಿದರು.

“ಹಾಂ. ಹಂಗ ಓದು.”

ಅಂದಾನೆಪ್ಪ ಸ್ಟೂಲಿನಿಂದ ಇಳಿದ. ಫಕ್ಕೀರವ್ವನಿಗೆ ಹೇಳಬೇಕಾಗಿ ಬರಲಿಲ್ಲ. ಆಕೆ ಆಗಲೇ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ನೀರು ಕುದಿಯಿತು. ಶುಂಠಿ ಜಜ್ಜಿದ ಸದ್ದಿಗೇ ಅರ್ಧ ಮಂದಿ ಚೇತರಿಸಿಕೊಂಡರು. ಪುಡಿ ಬಿದ್ದು, ಹಾಲು ಬಿದ್ದು, ಚಹಾ ಉಕ್ಕಿ ಮೇಲಕ್ಕೆ ಬಂದಾಗ ಆಕೆ ಪಾತ್ರೆಯನ್ನು ಎತ್ತಿ ಇಳಿಸಿದಳು. ಮತ್ತೆ ಉಕ್ಕಲು ಬಿಟ್ಟಳು. ಮಸಿಯ ವಾಸನೆ, ಸೀಸದ ವಾಸನೆಗಳ ಮೇಲೆ ಚಹಾದ ಕಂಪು ಹರಡಿತು. ಕಪ್ಪು-ಬಸಿ ತೊಳೆಯುವ ಕೆಲಸವೇ ಇರಲಿಲ್ಲ.

“ಕಿಟ್ಲಿ ನನಗ ಕೊಡವ್ವಾ,” ಎಂದ ಅಂದಾನೆಪ್ಪ.

“ಕೊಡ್ತೀನ್ರಿ. ಈ ಸಲ ಕಣ್ಣ ತೆರದು ಹಾಕ್ರಿ,” ಎಂದಳು ಫಕ್ಕೀರವ್ವ.

ಕಾಗದದ ಗಂಟಿನ ಮೇಲೆ ಕಂಬಳಿ ಹಾಸಿ ಕುಳಿತಿದ್ದ ಅಜ್ಜನವರ ಕಪ್ಪಿಗೆ ಅಂದಾನೆಪ್ಪ ಚಹಾ ಹಾಕತೊಡಗಿದ. ಎಲ್ಲರೂ ಸುತ್ತಲೂ ತಂತಮ್ಮ ಕಪ್ಪು ಹಿಡಿದು ನಿಂತಿದ್ದರು.

ಅಜ್ಜನವರು, “ಸಾಕು” ಎಂದರು.

ದಾವಲಸಾಬ ಕಣ್ಣು ಮುಚ್ಚಿಕೊಂಡ. ಅಂದಾನೆಪ್ಪ ಅಜ್ಜನವರ ಮುಖವನ್ನು ನೋಡಲಿಲ್ಲ, ಗೋಡೆಯನ್ನೂ ನೋಡಲಿಲ್ಲ. ಬಗ್ಗಿ ಕಪ್ಪನ್ನು ನೋಡಿದ. ಕಪ್ಪು ಕಂಠಮಟ್ಟ ತುಂಬಿತ್ತು. ಕಿಟ್ಲಿಯನ್ನು ಎತ್ತಿ ದಾವಲಸಾಬನ ಕಪ್ಪಿಗೆ ತಿರುಗಿಸಿದ; ಆಮೇಲೆ ಯಂತ್ರ ತುಳಿಯುವವರಿಗೆ, ಆಮೇಲೆ ಫಕ್ಕೀರವ್ವನಿಗೆ. ಎಲ್ಲರಿಗೂ ಮುಟ್ಟಿದ ಮೇಲೆ ಉಳಿದದ್ದನ್ನು ತನ್ನ ಬಸಿಗೆ ಬಗ್ಗಿಸಿಕೊಂಡು, ಆರಿಸದೆ, ಸುರ್ ಎಂದು ಎಳೆದ. ನಾಲಗೆ ಸುಟ್ಟಿತು. ಆತ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

“ಚಿಕ್ಕಮ್ಮ ಹೆಂಗದಾಳೋ, ದಾವಲಸಾಬ?” ಎಂದು ಕೇಳಿದ.

“ಈಗ ಆರಾಮ ಅದಾಳ್ರಿ,” ಎಂದ ದಾವಲಸಾಬ. “ಕಾಗದದ ಗಂಟು ಬಂತೇನ್ರಿ?”

ಅಜ್ಜನವರು ಬಸಿಯಲ್ಲಿ ಸುರಿದುಕೊಂಡು, ಊದಿ, ಸಾವಕಾಶವಾಗಿ ಕುಡಿದು ಮುಗಿಸಿದರು. ಕಪ್ಪನ್ನು ಬೋರಲು ಹಾಕಿ, ಫಕ್ಕೀರವ್ವನ ಕಡೆ ತಲೆಯಾಡಿಸಿ, ಕಂಬಳಿ ಕೊಡವಿ ಹೆಗಲಿಗೇರಿಸಿ ಬತ್ತಿಯ ಕೆಲಸಕ್ಕೆ ಹೋದರು.

ಚೌಕಟ್ಟು ಗೋಡೆಯ ಮೇಲೆಯೇ ಉಳಿಯಿತು. ಅಂದಾನೆಪ್ಪ ಇರುವ ತನಕ ಹನ್ನೊಂದರ ಚಹಾವನ್ನು ತಾನೇ ಹಾಕುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದವರು ಗೋಡೆಯನ್ನು ನೋಡಿ ಕಪ್ಪು ಮುಂದೆ ಮಾಡಲು ಹಿಂಜರಿದರೆ, “ತಪ್ಪ ಓದಬ್ಯಾಡ, ಹಿಡಿ” ಎನ್ನುತ್ತಿದ್ದ.

ಆ ವರ್ಷದ ಪಂಚಾಂಗ ಯುಗಾದಿಗೆ ಮೊದಲೇ ಹೊರಬಂತು. ಅದರಲ್ಲಿ ವಾರಕ್ಕೆ ಒಂದೇ ಮಂಗಳವಾರ ಇತ್ತು.