ಡ್ರಿಲ್ಲಿನ ಬಾಯಲ್ಲಿ ಸಿಕ್ಕಿಕೊಂಡ ಬಿಟ್

ಕಟ್ಟುತ್ತಿದ್ದ ಮನೆಯೊಂದರಲ್ಲಿ, ಗೋಡೆ ಕೊರೆಯುವ ಡ್ರಿಲ್ಲಿನ ಬಾಯಲ್ಲಿ ತೂತು ಕೊರೆಯುವ ಕಡ್ಡಿ, ಅಂದರೆ ಬಿಟ್, ಕಚ್ಚಿಕೊಂಡು ಕೂತಿತು. ಎಷ್ಟು ಎಳೆದರೂ ಬರಲೊಲ್ಲದು. ಮೇಸ್ತ್ರಿ ಯಂಕೋಬ ರೇಗಿ, ಪ್ಲಗ್ ಕಿತ್ತು, ಸುತ್ತಿಗೆ ತರಲು ಹೋದ.

"ಬೇಗ ನನ್ನನ್ನು ಬಿಡು. ಸುತ್ತಿಗೆ ಬಂದರೆ ನನ್ನ ಸೊಂಟ ಮುರಿಯುತ್ತದೆ," ಎಂದಿತು ಬಿಟ್.

"ನಾನೆಲ್ಲಿ ಹಿಡಿದಿದ್ದೇನೆ? ನೀನೇ ಅಂಟಿಕೊಂಡಿದ್ದೀಯ. ಏಟು ಬಿದ್ದರೆ ಒಡೆಯುವುದು ನನ್ನ ದವಡೆ," ಎಂದಿತು ಡ್ರಿಲ್.

ಪಕ್ಕದಲ್ಲಿದ್ದ ಗ್ರೀಸ್ ಡಬ್ಬಿಗೆ ಕುತೂಹಲ ಹುಟ್ಟಿತು. "ನೀನು ಹಿಡಿದಿಲ್ಲ, ಅವನು ಅಂಟಿಕೊಂಡಿಲ್ಲ. ಹಾಗಾದರೆ ನಿಮ್ಮ ನಡುವೆ ಇರುವವರು ಯಾರು?"

ಇಬ್ಬರೂ ಜಗಳ ನಿಲ್ಲಿಸಿ ಕಿವಿಗೊಟ್ಟರು. ಒಳಗಿನಿಂದ ಸಣ್ಣ ದನಿ ಬಂತು: "ನಾವು, ಸಿಮೆಂಟ್ ಧೂಳು. ನೀವು ಗೋಡೆ ಕೊರೆದಾಗಲೆಲ್ಲ ಚೂರುಚೂರೇ ಬಂದು ಕೂತೆವು. ಒರೆಸುವವರು ಯಾರೂ ಬರಲಿಲ್ಲ."

ಅಷ್ಟರಲ್ಲಿ ಯಂಕೋಬ ಬಂದ. ಏಟು ಹಾಕಲೆಂದು ಡ್ರಿಲ್ಲನ್ನು ಬಗ್ಗಿಸಿದಾಗ ಅದರ ಬಾಯಿಂದ ಒಂದು ಚಿಟಿಕೆ ಧೂಳು ಅವನ ಅಂಗೈಗೆ ಉದುರಿತು. "ಓಹೋ, ಇದಾ ವಿಷಯ!" ಎಂದು ಸುತ್ತಿಗೆಯನ್ನು ಕೆಳಗಿಟ್ಟ. ಒಳಗೆ ಎಣ್ಣೆ ಹಾಕಿ, ನೆನೆಯಲು ಬಿಟ್ಟು, ಮೆಲ್ಲಗೆ ಅತ್ತಿತ್ತ ಆಡಿಸಿದ. ಬಿಟ್ ಸಲೀಸಾಗಿ ಹೊರಬಂತು. ಧೂಳೆಲ್ಲ ಒರೆಸಿ, ಡಬ್ಬಿ ತೆರೆದು, ಮತ್ತೆ ಕಚ್ಚಿಕೊಳ್ಳದಿರಲೆಂದು ಬಿಟ್ಟಿನ ಬುಡಕ್ಕೆ ಗ್ರೀಸ್ ಸವರಿದ.

"ಇಂಥ ಮದ್ದು ಇಟ್ಟುಕೊಂಡು ಇಷ್ಟು ದಿನ ಎಲ್ಲಿದ್ದೆಯಪ್ಪಾ?" ಎಂದು ಡ್ರಿಲ್ ಡಬ್ಬಿಯನ್ನು ಕೇಳಿತು.

"ನಿನ್ನ ಪಕ್ಕದಲ್ಲೇ. ಆಯುಧಪೂಜೆಯ ದಿನ ನಿನ್ನ ಜೊತೆ ನನಗೂ ಕುಂಕುಮ ಇಟ್ಟರು, ಹೂ ಏರಿಸಿದರು, ಕೈ ಮುಗಿದರು. ಮುಚ್ಚಳ ಮಾತ್ರ ಯಾರೂ ತೆಗೆಯಲಿಲ್ಲ."