ಅರ್ಥಿಂಗ್ ಗುಂಡಿಗೆ ನೀರು

ಗುರುಗಳು ಪ್ರವಾಸ ಮುಗಿಸಿ ಮಠಕ್ಕೆ ಮರಳಿದ ದಿನ, ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಇದು ನಡೆಯಿತು. ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ ಶಿವರುದ್ರನನ್ನು ಕರೆದು ಅವರು ಉಗ್ರಾಣದ ಬೀಗದ ಕೈ ಹಿಂದಕ್ಕೆ ಕೇಳಿದರು. ಅವನು ಕೊಟ್ಟ. ಕೊಟ್ಟವನೇ ಸಿಟ್ಟಿನಿಂದ ಕೇಳಿದ.

“ಬುದ್ಧಿ, ನನ್ನ ತಪ್ಪೇನು? ನೀವು ಬರುವ ಸುದ್ದಿ ಮೊನ್ನೆಯೇ ಮುಟ್ಟಿತ್ತು. ಕೊಪ್ಪರಿಗೆ ಬೆಳಗಿಸಿದೆ, ನೆಲ ತೊಳೆಸಿದೆ. ಇವತ್ತು ಬಂದವರಿಗೆಲ್ಲ ಕೇಳಿ ಕೇಳಿ ಬಡಿಸಿದೆ. ನೀವೇ ಕಣ್ಣಾರೆ ನೋಡಿದಿರಿ. ಒಂದು ಕುಂದು ತೋರಿಸಿ.”

ಗುರುಗಳು ಕುಂದು ತೋರಿಸಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಯಂತ್ರ ಕಬ್ಬಿಣದ್ದು. ಒಳಗಿನ ತಂತಿ ಸವೆದು ಕರೆಂಟು ಆ ಕಬ್ಬಿಣಕ್ಕೆ ತಗುಲಿದರೆ, ಅದು ಮುಟ್ಟಿದವರ ಮೈಗೆ ಹರಿಯಬಾರದು. ಜೋರಾಗಿ ನೆಲಕ್ಕೆ ಹರಿಯಬೇಕು, ಹರಿದು ಫ್ಯೂಸನ್ನು ಸುಡಬೇಕು. ಅದಕ್ಕಾಗಿ ಯಂತ್ರದಿಂದ ಹೊರಟ ಒಂದು ತಂತಿ ಹಿತ್ತಲಿನ ಅರ್ಥಿಂಗ್ ಗುಂಡಿಗೆ ಇಳಿದಿತ್ತು. ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬಿದ್ದರು. ಅದು ಸದಾ ಒದ್ದೆಯಾಗಿರಬೇಕು. ಒಣಗಿದ ಮಣ್ಣು ಕರೆಂಟಿಗೆ ದಾರಿ ಕೊಡುವುದಿಲ್ಲ.

ಬೇಸಗೆಯಲ್ಲಿ ವರ್ಷಕ್ಕೊಮ್ಮೆ ಒಬ್ಬ ಪರೀಕ್ಷಕ ಬರುತ್ತಿದ್ದ. ಬರುವ ದಿನವನ್ನು ಮೊದಲೇ ತಿಳಿಸುತ್ತಿದ್ದ. ಕರೆಂಟು ತೆಗೆಸಿ, ಯಂತ್ರದಿಂದ ಗುಂಡಿಯವರೆಗೆ ತಂತಿ ಎಲ್ಲೂ ಕಡಿದಿಲ್ಲವೆಂದು ನೋಡುತ್ತಿದ್ದ. ಆಮೇಲೆ ಕರೆಂಟು ಹಾಕಿಸಿ, ಅದು ನೆಲಕ್ಕಿಳಿದು ಟ್ರಾನ್ಸ್‌ಫಾರ್ಮರಿಗೆ ಮರಳುವ ಪೂರ್ತಿ ಸುತ್ತಿನಲ್ಲಿ ತಡೆ ಎಷ್ಟಿದೆಯೆಂದು ಅಳೆಯುತ್ತಿದ್ದ. ಪ್ರತಿ ಸಲವೂ ತಂತಿ ಗಟ್ಟಿ, ತಡೆ ಕಡಿಮೆ. ಸುತ್ತಲಿನ ನೆಲ ಕಾದು ಸುಡುತ್ತಿದ್ದರೂ ಗುಂಡಿಯ ಮಣ್ಣು ತಣ್ಣಗಿರುತ್ತಿತ್ತು. ಯಜಮಾನ ಬಹಳ ಜಾಗ್ರತೆಯವನು ಎಂದುಕೊಂಡು ಪರೀಕ್ಷಕ ಸಹಿ ಹಾಕಿ ಹೋಗುತ್ತಿದ್ದ.

ಒಂದು ವರ್ಷ, ಪರೀಕ್ಷೆ ಮುಗಿದು ತಿಂಗಳಾಗಿರಲಿಲ್ಲ. ರಾಗಿ ಸುರಿಯುತ್ತಿದ್ದ ಹೆಂಗಸು ಯಂತ್ರದ ಅಂಚು ಹಿಡಿದಳು. ಫ್ಯೂಸು ಸುಡಲಿಲ್ಲ. ಅವಳು ಸತ್ತಳು.

ಸುದ್ದಿ ಕೇಳಿದ ಪರೀಕ್ಷಕ ಯಾರಿಗೂ ಹೇಳಿ ಕಳಿಸದೆ ಬಂದ. ಕೆಟ್ಟ ಯಂತ್ರಕ್ಕೆ ಕರೆಂಟು ಹೋಗದಂತೆ ಮಾಡಿಸಿ ಮತ್ತೆ ಅಳೆದ. ತಂತಿ ಗಟ್ಟಿಯಾಗಿಯೇ ಇತ್ತು. ಸುತ್ತಿನ ತಡೆ ನೂರು ಪಟ್ಟು ಏರಿತ್ತು. ಹಿತ್ತಲಿಗೆ ಹೋಗಿ ನೋಡಿದ. ಗುಂಡಿಯ ಮಣ್ಣು ಬಿರುಕು ಬಿಟ್ಟಿತ್ತು.

ಯಜಮಾನನೇ ಅವನ ಮೇಲೆ ರೇಗಿದ. “ಹೀಗೆ ಹೇಳದೆ ಕೇಳದೆ ಬಂದರೆ ಹೇಗೆ ಸ್ವಾಮಿ? ವರ್ಷ ವರ್ಷ ನೀವು ಬರುವ ಹಿಂದಿನ ದಿನ ಹತ್ತು ಕೊಡ ನೀರು ಹಾಕಿಸುತ್ತೇನೆ. ಒಂದು ಮಾತು ತಿಳಿಸಿದ್ದರೆ ಈಗಲೂ ಹಾಕಿಸಿಡುತ್ತಿದ್ದೆ. ದಿನಾ ನೀರು ಹೊಯ್ಯೋಕೆ ಅದೇನು ತುಳಸಿ ಕಟ್ಟೆಯೇ?”

ಆ ತಣ್ಣನೆಯ ಮಣ್ಣನ್ನು ಮೆಚ್ಚಿ ಸಹಿ ಹಾಕಿದವನು ಈ ಪರೀಕ್ಷಕನೇ.

“ನೀರು ಹಾಕಿಸಿದ್ದು ನನ್ನ ಮೀಟರಿಗೇನಯ್ಯಾ? ಆಯಮ್ಮನನ್ನು ಹಿಡಿದ ಕರೆಂಟು ನಿನಗೆ ಹೇಳಿ ಕಳಿಸಿ ಬಂತೇ?” ಎಂದು ಕೂಗಿ, ಗಿರಣಿಗೆ ಬೀಗ ಜಡಿಸಿದ.

ಗುರುಗಳು ಕತೆ ನಿಲ್ಲಿಸಿದರು. ಶಿವರುದ್ರ ತನ್ನ ಸಿಟ್ಟಿನ ಕಾರಣವನ್ನೇ ಮರೆತಿದ್ದ. ಈಗ ಅವನ ಸಿಟ್ಟೆಲ್ಲ ಆ ಯಜಮಾನನ ಮೇಲಿತ್ತು.

“ಬೀಗ ಜಡಿದರೆ ಸಾಲದು ಬುದ್ಧಿ. ನಾಲ್ಕು ಕೊಡ ನೀರು ಹಾಕಿಸಲು ಅವನಿಗೆ ಏನು ಬಂದಿತ್ತು ದೊಡ್ಡ ರೋಗ? ನೋಡುವವರು ಬಂದಾಗ ಒಂದು, ಇಲ್ಲದಾಗ ಒಂದು! ಅಂಥವನ ಕೈಗೆ ಮತ್ತೆ ಯಾವ ಗಿರಣಿಯೂ ಸಿಗಬಾರದು.”

ಗುರುಗಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

“ನಾನು ಊರಲ್ಲಿಲ್ಲದಾಗ, ಬಟ್ಟೆ ಕೊಳಕೆಂದು ಎಲೆಯ ಮುಂದಿನಿಂದ ನೀನು ಎಬ್ಬಿಸಿ ಕಳಿಸಿದವರು ಏಳು ಮಂದಿ.”