ಚೌರಪ್ಪನ ಚಿಲಕ

ಪೂಜ್ಯ ಮುಡಿಯಪ್ಪ ಸ್ವಾಮಿಗಳು ಕಗ್ಗಲಪಾಳ್ಯದ ಕ್ರೈಸ್ತ ದೇವಾಲಯದ ಹಿಂಬದಿಯ ಪುಟ್ಟ ಕೋಣೆಯೊಂದರಲ್ಲಿ ಇಪ್ಪತ್ತಾರು ವರ್ಷ ವಾಸವಾಗಿದ್ದರು. ಒಂದು ಚಾಪೆ, ಒಂದು ಮಣ್ಣಿನ ಹೂಜಿ, ಮೂಲೆಗೆ ಒರಗಿಸಿದ ಪೊರಕೆ. ಅವರ ಆಸ್ತಿಯೆಂದರೆ ಇಷ್ಟೇ. ದೇವಾಲಯದ ಅಂಗಳವನ್ನು ತಾವೇ ಗುಡಿಸುತ್ತಿದ್ದರು, ರಾಗಿ ಅಂಬಲಿಯನ್ನು ತಾವೇ ಕಾಸಿಕೊಳ್ಳುತ್ತಿದ್ದರು. ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಭಕ್ತರು ಒಮ್ಮೆ ಚಿಲಕ ಹಾಕಿಸಲೆಂದು ಬಡಗಿಯನ್ನು ಕರೆತಂದಾಗ, ಸ್ವಾಮಿಗಳು ಅವನಿಗೆ ಅಂಬಲಿ ಕುಡಿಸಿ, ಆಶೀರ್ವದಿಸಿ, ಬಂದ ದಾರಿಯಲ್ಲೇ ಕಳುಹಿಸಿಕೊಟ್ಟರಂತೆ.

ಅದೇ ಊರಿನ ಅಂಚಿನಲ್ಲಿದ್ದ ಚೌರಪ್ಪನ ಮನೆಯ ಚಿಲಕವೋ, ಗೇಣುದ್ದದ ಕಬ್ಬಿಣದ್ದು. ಪಾಳ್ಯದ ಕ್ರೈಸ್ತರೆಲ್ಲ ರೇಷ್ಮೆ ಹುಳು ಸಾಕುವವರು. ಹುಳುವಿನ ಮನೆಗೆ ಹೊರಗಿನವರು ನುಗ್ಗಬಾರದು, ಕಾಲಿಗಂಟಿದ ರೋಗ ಒಳಗೆ ಬಂದೀತು ಎಂಬುದು ಅಲ್ಲಿಯ ಹಳೆಯ ನಿಯಮ, ಸರಿಯಾದ ನಿಯಮವೇ. ಆದರೆ ಚೌರಪ್ಪ ಅದನ್ನು ದೇವರ ಹತ್ತು ಆಜ್ಞೆಗಳ ಕೆಳಗೆ ಹನ್ನೊಂದನೆಯದಾಗಿ ಸೇರಿಸಿಕೊಂಡಿದ್ದ.

ಅವನ ದುಃಖವೂ ಸಣ್ಣದಲ್ಲ. ಆ ವರ್ಷ ಎರಡು ಬೆಳೆ ಹಾಲುತೊಂಡೆ ರೋಗಕ್ಕೆ ಹೋಗಿದ್ದವು. ಇನ್ನೇನು ಗೂಡು ಕಟ್ಟಬೇಕೆನ್ನುವಾಗ ಹುಳುಗಳು ಊದಿಕೊಂಡು, ಮೈ ಒಡೆದು, ಹಾಲಿನಂಥ ನೀರು ಸುರಿಸಿ ಸಾಯುತ್ತಿದ್ದವು. ಬುಟ್ಟಿಗಟ್ಟಲೆ ಹುಳುವನ್ನು ಗುಂಡಿಗೆ ಸುರಿದು ಬಂದವನು ಮೊದಲು ನೆರೆಯವರ ಕಣ್ಣಿಗೆ ಬೈದ, ಆಮೇಲೆ ದೇವರಿಗೇ ಬೈದ. ಮೂರನೆಯ ಬೆಳೆಗೆ ಮೊಟ್ಟೆ ತಂದಾಗ, ವಾಡಿಕೆಯಂತೆ ತೀರ್ಥ ಚಿಮುಕಿಸಲು ಬಂದ ಸ್ವಾಮಿಗಳನ್ನು ಜಗಲಿಯಿಂದಲೇ ತಿರುಗಿಸಿದ. ಭಾನುವಾರದ ಪೂಜೆಗೆ ಹೋಗುವುದನ್ನೂ ಬಿಟ್ಟ.

"ಈ ಬೆಳೆನೂ ಹೋದ್ರೆ ಹಿಪ್ಪುನೇರಳೆ ತೋಟ ಬೇರು ಸಮೇತ ಕಿತ್ತಾಕ್ತೀನಿ. ಈ ಮನೇಲಿ ದೇವರ ಹೆಸರೂ ಎತ್ತಕೂಡದು" ಎಂದು ಹೆಂಡತಿ ಜಪಮಾಲಮ್ಮನ ಮುಂದೆ ಆಣೆ ಇಟ್ಟ. ಆ ತಾಯಿ ಅಂದಿನಿಂದ ತುಟಿ ಅಲುಗಿಸದೆ ಜಪ ಮಾಡುವುದನ್ನು ಕಲಿತಳು.

ಕ್ರಿಸ್ತಜಯಂತಿಗೆ ಇನ್ನು ಹದಿನೈದು ದಿನ. ಬಿಡದೆ ಜಡಿಮಳೆ ಹಿಡಿದಿತ್ತು. ಚೌರಪ್ಪನ ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಅದನ್ನೇ ಜ್ವರ ಎನ್ನುತ್ತಾರೆ. ಆಗ ಅದು ತಿನ್ನುವುದಿಲ್ಲ, ಮಿಸುಕುವುದಿಲ್ಲ, ತಲೆ ಎತ್ತಿ ಕೂತುಬಿಡುತ್ತದೆ. ಸೊಪ್ಪು ಹಾಕಬಾರದು, ಮುಟ್ಟಬಾರದು. ಮನೆಯ ಒಂದೇ ನಡುಮನೆಯನ್ನು ಹುಳುಗಳಿಗೆ ಬಿಟ್ಟು, ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು ಬೆಚ್ಚಗೆ ಮಾಡಿ, ಗಂಡಹೆಂಡಿರು ಸೋರುವ ಅಡಿಗೆ ಚಪ್ಪರದಲ್ಲಿ ಮುದುಡಿಕೊಂಡಿದ್ದರು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಚೌರಪ್ಪ ಸಂದಿಯಷ್ಟೇ ತೆರೆದು ನೋಡಿದ. ಮುಡಿಯಪ್ಪ ಸ್ವಾಮಿಗಳು ತಲೆಯಿಂದ ಪಾದದವರೆಗೆ ತೊಯ್ದು ನಿಂತಿದ್ದರು. ಅವರ ಹಿಂದೆ, ಮನೆಯ ಮುಂದಿನ ದಾರಿಯಲ್ಲೇ, ಅಚ್ಚು ಮುರಿದ ಗಾಡಿ, ಗಾಡಿಯ ತುಂಬ ಸಂತೆಗೆ ಹೊರಟಿದ್ದ, ಹುಳು ಸಾಕುವ ಹೊಸ ಬಿದಿರು ತಟ್ಟೆಗಳು. ಮೇದರ ಕೇತಯ್ಯ ತುಂಬು ಬಸುರಿ ಹೆಂಡತಿಯನ್ನು ತೋಳಲ್ಲಿ ಆತುಕೊಂಡಿದ್ದ. ಆಕೆ ಹಲ್ಲು ಕಚ್ಚಿ ನರಳುತ್ತಿದ್ದಳು.

"ಚೌರಪ್ಪ, ಈ ತಾಯಿಗೆ ಹೆರಿಗೆ ನೋವು. ಒಳಗೆ ಜಾಗ ಬೇಕು" ಎಂದರು ಸ್ವಾಮಿಗಳು.

"ಆಗಕಿಲ್ಲ ಸಾಮಿ. ಹುಳ ಜ್ವರಕ್ಕೆ ಕೂತವೆ. ಇಂಥ ಹೊತ್ನಲ್ಲಿ ಒಬ್ರನ್ನೂ ಬಿಡಕಾಗಕಿಲ್ಲ."

ಹಿಂದಿನಿಂದ ಜಪಮಾಲಮ್ಮ, "ಬಾಲಯೇಸುಗೆ ಗೋದಲಿ ಕಟ್ಟೋ ತಿಂಗಳಲ್ಲಿ ಬಸುರೀನ ಬಾಗಿಲಿಂದ ಅಟ್ತೀಯಾ?" ಎಂದುಬಿಟ್ಟಳು. ವಾರಗಳ ನಂತರ ಅವಳ ಬಾಯಿಂದ ಬಂದ ಮೊದಲ ಗಟ್ಟಿ ಮಾತು ಅದು.

ಚೌರಪ್ಪ ಸ್ವಾಮಿಗಳ ಮೇಲೆ ಸಿಡಿದ. "ನನ್ನ ಎರಡು ಬೆಳೆ ಕೊಳೆತು ಹೋಯ್ತಲ್ಲ ಸಾಮಿ, ಆಗ ನಿಮ್ಮ ದೇವರು ಎಲ್ಲಿದ್ದ? ಕೂಗಿ ಕೂಗಿ ಗಂಟಲು ಬಿದ್ದೋಯ್ತು. ಒಂದು ತುತ್ತಾದ್ರೂ ನನ್ನ ಬಾಯಿಗೆ ಹಾಕಿದ್ನಾ?"

ಸ್ವಾಮಿಗಳು ಸಿಟ್ಟಾಗಲಿಲ್ಲ. ಮಳೆಯ ನೀರು ಗಡ್ಡದಿಂದ ಇಳಿಯುತ್ತಿದ್ದಂತೆಯೇ ಕೇಳಿದರು: "ಜ್ವರಕ್ಕೆ ಕೂತ ಹುಳಕ್ಕೆ ನೀನು ಸೊಪ್ಪು ಹಾಕ್ತೀಯಾ?"

"ಇಲ್ಲ."

"ಆಗ ನೀನು ಎಲ್ಲಿರ್ತೀಯ?"

"ಎಲ್ಲಿಗೋಗ್ಲಿ? ಅಲ್ಲೇ ಇರ್ತೀನಿ. ಕಣ್ಣು ಮುಚ್ಚದೆ ಕಾಯ್ತಾ..."

"ಅವನೂ ಅಲ್ಲೇ ಇದ್ದ. ಬಾಗಿಲು ತೆಗಿ."

ಎರಡು ದಿನದಿಂದ ಹುಳುವಿನ ತಟ್ಟೆಗಳ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಂಡ ಕೆದಕಿದವನು ಚೌರಪ್ಪ. ಸೊಪ್ಪು ಕೊಡದಿದ್ದದ್ದು ಮರೆತಲ್ಲ, ಪ್ರೀತಿಗೇ. ಆ ಹುಳುಗಳಿಗೆ ಬಾಯಿದ್ದಿದ್ದರೆ ಅವೂ ತನ್ನನ್ನು ಹೀಗೇ ಬೈಯುತ್ತಿದ್ದವೇನೋ! ಬಾಗಿಲ ಎರಡು ರೆಕ್ಕೆಗಳನ್ನೂ ತೆರೆದು, ತಾನೇ ಚೊಂಬು ಹಿಡಿದು ಆ ತಾಯಿಯ ಕೆಸರುಗಾಲು ತೊಳೆದು ಒಳಕ್ಕೆ ಕರೆದುಕೊಂಡ.

ಜಪಮಾಲಮ್ಮ ಸೆರಗು ಸಿಕ್ಕಿಸಿ ಸೂಲಗಿತ್ತಿಯಾದಳು. ಸ್ವಾಮಿಗಳು ಸೂರಿನಡಿ ಮೊಣಕಾಲೂರಿದರು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಮಗುವಿನ ಅಳು ಮನೆಯೆಲ್ಲ ತುಂಬಿತು. ಸದ್ದಿಗೆ ಹುಳುಗಳೆಲ್ಲ ಕೆಟ್ಟವೆಂದೇ ಚೌರಪ್ಪ ಎಣಿಸಿದ. ಆದರೂ ಯಾಕೋ ಆ ಅಳು ಕೇಳಿ ಅವನಿಗೆ ನಗು ಬಂತು.

ಮಗುವಿನ ಮುಖ ನೋಡಲು ಒಳಗೆ ಬಂದ ಕೇತಯ್ಯ ತಟ್ಟೆಗಳ ಹತ್ತಿರ ನಿಂತುಬಿಟ್ಟ. ಬಿದಿರು ಕಂಡರೆ ಮೇದರ ಕೈ ಸುಮ್ಮನಿರುತ್ತದೆಯೇ? ಖಾಲಿ ತಟ್ಟೆಯೊಂದನ್ನು ಎತ್ತಿ, ಹೆಣಿಗೆಯ ಸಂದಿಗೆ ಉಗುರು ಹಾಕಿ, ಮೂಸಿ ನೋಡಿದ.

"ಅಣ್ಣ, ಇವು ಎಷ್ಟು ವರ್ಷದವು?"

"ನಮ್ಮಪ್ಪನ ಕಾಲದವು."

"ಸತ್ತ ಹುಳದ ಹಾಲು ಸಂದಿ ಸಂದಿಗೂ ಒಣಗಿ ಕೂತದೆ. ಮೇಲೆ ಸಗಣಿ ಸಾರಿಸಿ ಮುಚ್ಚಿದ್ದೀ. ಜ್ವರದಿಂದ ಎದ್ದ ಹುಳನ ಇದರ ಮೇಲೇ ಬಿಟ್ರೆ ಒಂದೂ ಉಳಿಯಾಕಿಲ್ಲ."

ಚೌರಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಊರವರನ್ನು, ಗುರುಗಳನ್ನು, ದೇವರನ್ನು ಹೊರಗೆ ನಿಲ್ಲಿಸಿ, ರೋಗವನ್ನು ಒಳಗಿಟ್ಟುಕೊಂಡು ಅವನು ಚಿಲಕ ಹಾಕುತ್ತಿದ್ದ. ಬಲ್ಲವನೊಬ್ಬ ಒಳಗೆ ಕಾಲಿಟ್ಟಿದ್ದರೆ ಎಂದೋ ತಿಳಿಯುತ್ತಿತ್ತು. ಬೇಡವೆಂದು ತಳ್ಳಿದ ಅತಿಥಿಯ ಕೈಯಲ್ಲೇ ಮದ್ದು ಕಳುಹಿಸಿದ ದೇವರ ಕರುಣೆಗೆ ಏನೆನ್ನೋಣ!

ಬೆಳಗಿಗೆ ಮಳೆ ಬಿಟ್ಟಿತ್ತು. ಹುಳುಗಳು ಹಳೆಯ ಪೊರೆ ಕಳಚಿ, ಹಸಿದು ತಲೆಯಾಡಿಸುತ್ತಿದ್ದವು. ಅಲ್ಲೊಂದು ಇಲ್ಲೊಂದು ಸತ್ತಿದ್ದನ್ನು ಬಿಟ್ಟರೆ ಎಲ್ಲವೂ ಗಟ್ಟಿಯಾಗಿದ್ದವು. ಕೇತಯ್ಯ ಗಾಡಿಯಿಂದ ಹೊಸ ತಟ್ಟೆಗಳನ್ನು ಇಳಿಸಿದ, ಜಪಮಾಲಮ್ಮ ಹುಳುಗಳನ್ನು ಅವುಗಳಿಗೆ ಬಿಟ್ಟಳು. ಚೌರಪ್ಪ ಹಳೆಯವನ್ನೆಲ್ಲ ಹಿತ್ತಲಲ್ಲಿ ಸುಟ್ಟು ಬಂದು ಸೊಪ್ಪು ಹರಡಿದ. ಸಾವಿರಾರು ಬಾಯಿಗಳು ಒಮ್ಮೆಗೇ ಮೇಯತೊಡಗಿದಾಗ ಮನೆಯೊಳಗೇ ಸರಸರ ಮಳೆ ಸುರಿದಂತಾಯಿತು. ಆ ಸದ್ದಿನ ನಡುವೆ ಚೌರಪ್ಪ ಮೊಣಕಾಲೂರಿ, ಎಷ್ಟೋ ದಿನಗಳ ನಂತರ ಹಣೆಗೆ ಶಿಲುಬೆಯ ಗುರುತು ಹಾಕಿಕೊಂಡ. ಕಣ್ಣೀರು ಧಾರೆಯಾಗಿ ಇಳಿಯಿತು. ಜಪಮಾಲಮ್ಮ ಬಾಯಿ ಬಿಟ್ಟು, ಗಟ್ಟಿಯಾಗಿ ಜಪ ಹೇಳಿದಳು.

ಕ್ರಿಸ್ತಜಯಂತಿಯ ಹೊತ್ತಿಗೆ ಚೌರಪ್ಪನ ಮನೆ ತುಂಬ ಗೂಡು. ಅಂಥ ದಪ್ಪನೆಯ ಗೂಡನ್ನು ಪಾಳ್ಯದವರು ಕಂಡಿರಲಿಲ್ಲ. ಹಬ್ಬದ ಪೂಜೆಯಲ್ಲಿ ಜನ ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ ಹೊತ್ತು ಕಾಣಿಕೆಗೆ ಬಂದರು. ಚೌರಪ್ಪ ಎಲ್ಲರಿಗಿಂತ ಮುಂದೆ ಬಂದ. ಒಂದು ಕೈಯಲ್ಲಿ ಗೂಡಿನ ಬುಟ್ಟಿ. ಇನ್ನೊಂದು ಕೈಯಿಂದ ಟವೆಲಿನ ಗಂಟು ಬಿಚ್ಚಿ, ಗೇಣುದ್ದದ ಕಬ್ಬಿಣದ ಚಿಲಕವನ್ನು ಗೋದಲಿಯ ಮುಂದೆ ಇಟ್ಟ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸ್ವಾಮಿಗಳು ಮಾತ್ರ ಆ ತುಕ್ಕು ಹಿಡಿದ ಚಿಲಕವನ್ನು ಎರಡೂ ಕೈಗಳಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಬಾಲಯೇಸುವಿನ ಪಾದದ ಬಳಿ ಇರಿಸಿದರು.

"ಈ ಹಬ್ಬದ ದೊಡ್ಡ ಕಾಣಿಕೆ ಇದೇ" ಎಂದರು.

ಆಮೇಲೆಯೂ ಚೌರಪ್ಪನ ಹೊಸ್ತಿಲಲ್ಲಿ ಕಾಲು ತೊಳೆಯುವ ನೀರು, ರೋಗ ತಡೆಯುವ ಸುಣ್ಣ ಇದ್ದೇ ಇದ್ದವು. ಚಿಲಕ ಮಾತ್ರ ಇರಲಿಲ್ಲ. ಮುಪ್ಪಿನಲ್ಲಿ ಕಣ್ಣು ಮಂಜಾಗಿ ಬಂದವರಾರೆಂದು ಗುರುತು ಸಿಗದಿದ್ದಾಗಲೂ, ಹೆಜ್ಜೆಯ ಸದ್ದಾದರೆ ಸಾಕು, ಒಳಗಿನಿಂದಲೇ ಕೂಗುತ್ತಿದ್ದ:

"ಕಾಲು ತೊಳ್ಕಂಡು ಒಳಕ್ಕೆ ಬನ್ನಿ. ನನ್ನ ಸಾಕೋನು ಇಲ್ಲೇ ಅವ್ನೆ."